ಬ್ಯಾಲೆಟ್ ಕಾಕಾ

ಪ್ರತಿ ಸಭೆಯಲ್ಲೂ ಹಾಡಿನ ಪುಸ್ತಕ ಹಂಚುವವರೊಬ್ಬರು, ಕಾಣಿಕೆ ಎಣಿಸುವವರೊಬ್ಬರು ಇರುವಂತೆ, ಚುನಾವಣೆ ಬಂದರೆ ಮಿಕ್ಕವರ ಆತ್ಮಸಾಕ್ಷಿ ವಿಚಾರಿಸಿಕೊಳ್ಳುವವರೂ ಒಬ್ಬರಿರುತ್ತಾರೆ. ಆರ್ಟೀಸಿಯಾದಲ್ಲಿ ನಮ್ಮ ಪಾಲಿಗೆ ಬಂದವರು ಕಾಕಾ. ಪಯನಿಯರ್ ಬುಲೆವಾರ್ಡಿನ ಸೀರೆ ಅಂಗಡಿ, ಚಿನ್ನದಂಗಡಿಗಳ ಹಿಂದಿನ ರಸ್ತೆಯಲ್ಲಿ ಅವರದೊಂದು ಸಣ್ಣ ಕಿರಾಣಿ ಅಂಗಡಿಯಿದೆ.

ಕ್ಯಾಲಿಫೋರ್ನಿಯಾದಲ್ಲಿ ಮತದಾರರ ಮನೆಗೇ ಅಂಚೆಯಲ್ಲಿ ಬ್ಯಾಲೆಟ್ ಬರುತ್ತದೆ. ಮತಗಟ್ಟೆಯಿಂದ ನೂರಡಿಯೊಳಗೆ ಪ್ರಚಾರ ಕೂಡದೆಂದು ಇಲ್ಲಿ ಕಾನೂನಿದೆ. ನಮ್ಮ ಮನೆಯ ಊಟದ ಮೇಜಿಗೆ ಅಂಥ ರಕ್ಷಣೆಯಿಲ್ಲ.

“ತಮ್ಮಾ, ಲಕೋಟಿ ಬಂತೇನು? ತುಂಬಬ್ಯಾಡ, ನಾ ಬರಾಕತ್ತೀನಿ.”

ಕಾಕಾ ಬೆಟಗೇರಿಯ ಬಾಸೆಲ್ ಮಿಶನ್ ಮನೆತನದವರು. ನಾನು ಮೈಸೂರಿನ ವೆಸ್ಲಿಯನ್ ಕಡೆಯವನು. ಈಗ ಎಲ್ಲರೂ ಸಿಎಸ್‌ಐ ಚರ್ಚಿನವರೇ. ಆದರೂ ವೆಸ್ಲಿಯನ್ನರಿಗೆ ಹಾಡು ಬರುತ್ತದೆ, ವಾಕ್ಯ ಬರುವುದಿಲ್ಲ ಎಂಬುದು ಅವರ ದೃಢ ನಂಬಿಕೆ.

ಇಂಥವರಿಗೇ ವೋಟು ಹಾಕು ಎಂದು ಮಾತ್ರ ಕಾಕಾ ಎಂದೂ ಹೇಳುವುದಿಲ್ಲ. ಚರ್ಚು ಅಭ್ಯರ್ಥಿಯ ಪರ ನಿಂತರೆ ತೆರಿಗೆ ವಿನಾಯಿತಿಗೆ ಸಂಚಕಾರ ಎನ್ನುವ 1954ರ ಜಾನ್ಸನ್ ತಿದ್ದುಪಡಿಯನ್ನು, ತಾವೇ ಒಂದು ಚರ್ಚು ಎಂಬಂತೆ ಪಾಲಿಸುತ್ತಾರೆ. ಪಾದ್ರಿ ಆರಾಧನೆಯಲ್ಲಿ ತನ್ನ ಸಭೆಯವರಿಗೆ ಹೇಳಿಕೊಂಡರೆ ಅದು ಪ್ರಚಾರವಾಗುವುದಿಲ್ಲ ಎಂದು 2025ರ ಜುಲೈನಲ್ಲಿ ತೆರಿಗೆ ಇಲಾಖೆಯೇ ಕೋರ್ಟಿಗೆ ಬರೆದುಕೊಟ್ಟಿತು. “ಇಲಾಖೆ ಸಡಿಲಾದ್ರ ನಾನೂ ಸಡಿಲಾಗಬೇಕೇನು?” ಎಂದರು ಕಾಕಾ. ಹೆಸರು ಹೇಳುವುದಿಲ್ಲ, ವಾಕ್ಯ ಹೇಳುತ್ತಾರೆ. ಅದೂ ಎರಡೂ ಕಡೆಗೆ. ಹೆಸರು ಹೇಳಿದ್ದರೆ ಹತ್ತು ನಿಮಿಷ ಜಗಳವಾಡಿ ಊಟಕ್ಕೇಳಬಹುದಿತ್ತು.

2024ರಲ್ಲಿ ಅಧ್ಯಕ್ಷರಿಂದ ಹಿಡಿದು ಕೌಂಟಿಯ ನ್ಯಾಯಾಧೀಶರವರೆಗೆ ಹೆಸರುಗಳ ಸಾಲು, ಅದರ ಮೇಲೆ ರಾಜ್ಯದ ಹತ್ತು ಪ್ರಸ್ತಾಪ. ನ್ಯಾಯಾಧೀಶರದ್ದು ಬೇಗ ಮುಗಿಯಿತು: “ಮತ್ತೊಬ್ಬರಿಗೆ ತೀರ್ಪು ಮಾಡಬ್ಯಾಡ್ರಿ ಅಂದಾನ ಕರ್ತ. ತೀರ್ಪು ಮಾಡೋರನ್ನ ಆರಸಬ್ಯಾಡ್ರಿ ಅಂದಿಲ್ಲ.” ಕಳ್ಳತನದ ಶಿಕ್ಷೆ ಬಿಗಿ ಮಾಡುವ 36ನೇ ಪ್ರಸ್ತಾಪಕ್ಕೆ ಒಂದು ಕಡೆ ಕದಿಯಬಾರದೆಂಬ ಆಜ್ಞೆ, ಇನ್ನೊಂದು ಕಡೆ ಶಿಲುಬೆಯ ಮೇಲಿನ ಕಳ್ಳ. ಅದೂ ಹೋಗಲಿ. ಸಿಕ್ಕಿಕೊಂಡದ್ದು 32ರಲ್ಲಿ. ಕನಿಷ್ಠ ಕೂಲಿಯನ್ನು ಗಂಟೆಗೆ 18 ಡಾಲರಿಗೆ ಏರಿಸಬೇಕೋ ಬೇಡವೋ?

ಆ ಸಂಜೆ ಚಾಟ್ ಅಂಗಡಿಯಲ್ಲಿ ನನ್ನ ಮುಂದೆ ಆಗತಾನೇ ಬಂದ ಸೇವ್‌ಪುರಿ ಇತ್ತು. ಕಾಕಾ ಅದನ್ನು ಬದಿಗೆ ಸರಿಸಿ ಸರ್ಕಾರದ ಮತದಾರರ ಕೈಪಿಡಿ ಹರಡಿದರು. ಒಂದು ಕಾಲಿಗೆ ಟೇಪು ಸುತ್ತಿದ ಕನ್ನಡಕ, ಕಿವಿಯ ಮೇಲೆ ಪೆನ್ಸಿಲ್ಲು. ದ್ರಾಕ್ಷಿತೋಟದ ಸಾಮ್ಯ ಶುರುವಾಯಿತು. “ಮುಂಜಾನೆ ಬಂದಾವಗೂ ಒಂದು ಪಾವಲಿ, ಸಂಜೀ ಐದಕ್ಕ ಬಂದಾವಗೂ ಒಂದು ಪಾವಲಿ. ಅಂದ್ರ ಏನಾತು? ಮಿನಿಮಮ್ ವೇಜ್!” ನಾನು ಹೌದೆಂದು ಪುರಿಗೆ ಕೈ ಹಾಕಿದೆ. “ತಡಿ. ನನ್ನ ರೊಕ್ಕ, ನನ್ನ ಇಷ್ಟ ಅಂತನೂ ಆ ತೋಟದ ಮಾಲೀಕನ ಅಂತಾನ. ಅಂದ್ರ ಏನಾತು? ಸರಕಾರ ನಡಕ ಬರಬಾರದು!” ಅಂಗಡಿಯವನು ಕುರ್ಚಿ ಮಗುಚಿಡುವ ಹೊತ್ತಿಗೂ ಪಾವಲಿ ಯಾರ ಕಡೆಗೂ ಬಿದ್ದಿರಲಿಲ್ಲ. ಸೇವ್‌ಪುರಿ ಗಂಜಿಯಾಗಿತ್ತು, ಬಿಲ್ಲು ನನ್ನ ಕಡೆ ಬಿತ್ತು.

ಕ್ಯಾಲಿಫೋರ್ನಿಯಾದಲ್ಲಿ ನಮ್ಮ ವೋಟಿನಿಂದ ಯಾರ ಹಣೆಬರಹವೂ ಬದಲಾಗದು ಎನ್ನುವುದು ನನ್ನ ಕೊನೆಯ ಅಸ್ತ್ರವಾಗಿತ್ತು. ಆ ವರ್ಷವೇ ನಮ್ಮ 45ನೇ ಕಾಂಗ್ರೆಸ್ ಕ್ಷೇತ್ರದಲ್ಲಿ ಡೆರೆಕ್ ಟ್ರಾನ್ ಅವರು ಮಿಶೆಲ್ ಸ್ಟೀಲ್ ಅವರನ್ನು ಸೋಲಿಸಿದ್ದು ಬರೀ 653 ವೋಟಿನಿಂದ. ಕಾಕಾ ನಡುರಾತ್ರಿ ಫೋನು ಮಾಡಿದರು. “ಆರುನೂರಾ ಐವತ್ಮೂರು! ಎರಡು ಮದುವಿ ಊಟದ ಮಂದಿ!” ಗೆದ್ದವರಿಗೆ ಖುಷಿಯೋ ಸೋತವರಿಗೆ ಮರುಕವೋ, ದನಿಯಿಂದ ತಿಳಿಯಲಿಲ್ಲ.

ಊರಿನಲ್ಲಿ ಅವರು ಹೀಗಿರಲಿಲ್ಲವಂತೆ. 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ನೂರಕ್ಕೆ 1.87. ಅಷ್ಟಿದ್ದವರಿಗೆ ವಾಕ್ಯ ತಿರುವಿ ನೋಡುವ ಐಷಾರಾಮ ಎಲ್ಲಿಯದು? ಅಭ್ಯರ್ಥಿ ಕ್ರಿಸ್‌ಮಸ್ಸಿಗೆ ಬಂದು ಕೇಕು ತಿಂದು ಹೋಗುತ್ತಿದ್ದ, ಹಿರಿಯರು ತಲೆಯಾಡಿಸಿದ ಕಡೆಗೆ ಇಡೀ ಓಣಿ ಒತ್ತುತ್ತಿತ್ತು. ನಮ್ಮನ್ನು ಕಾಯುವವರು ಯಾರು ಎಂಬುದೊಂದೇ ಲೆಕ್ಕ. 2008ರಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ಕಲ್ಲು ಬಿದ್ದ ಮೇಲಂತೂ ಆ ಲೆಕ್ಕ ತಪ್ಪೆನ್ನುವ ಧೈರ್ಯ ನನಗಿಲ್ಲ. ಇಲ್ಲಿಗೆ ಬಂದ ಮೇಲೆ ಕಾಕಾ ಏಕಾಏಕಿ ಬಹುಸಂಖ್ಯಾತರಾದರು, ಲೆಕ್ಕ ಕೆಟ್ಟಿತು. ಕಮಲಾ ಹ್ಯಾರಿಸ್ ಬ್ಯಾಪ್ಟಿಸ್ಟ್. ಟ್ರಂಪ್ ಅವರು 59.99 ಡಾಲರಿನ ಬೈಬಲ್ಲಿಗೇ ಜಾಹೀರಾತು ಕೊಟ್ಟವರು. “ಅದರಾಗ ವಾಕ್ಯದ ಜೋಡಿ ಅಮೆರಿಕಾದ ಸಂವಿಧಾನನೂ ಹೊಲದಾರಂತ. ಮೊದಲ ಯಾವುದು ಓದಬೇಕಪಾ?” ಎರಡು ಕೆಡುಕಿನಲ್ಲಿ ಸಣ್ಣದನ್ನು ಆರಿಸಿ, ಯಾವುದೆಂದು ನನ್ನನ್ನು ಕೇಳಬೇಡಿ ಎಂಬರ್ಥದಲ್ಲಿ ಪೋಪ್ ಫ್ರಾನ್ಸಿಸ್ 2024ರ ಸೆಪ್ಟೆಂಬರಿನಲ್ಲಿ ಹೇಳಿದಾಗ, ಪ್ರಾಟೆಸ್ಟಂಟ್ ಕಾಕಾ ಒಲ್ಲದ ಮನಸ್ಸಿನಿಂದ ತಲೆದೂಗಿದರು.

ಎಲ್ಲರೂ ನಮ್ಮವರೇ ಆದಾಗ ಕೈಪಿಡಿಯನ್ನು ಪೂರ್ತಿ ಓದದೆ ಬೇರೆ ದಾರಿಯಿಲ್ಲ. ನಮ್ಮಲ್ಲಿ ಓದಿದವರು ಅವರೊಬ್ಬರೇ. ನಾವು ಉಳಿದವರು ವಾಟ್ಸಾಪಿನಲ್ಲಿ ಬಂದ ಪಟ್ಟಿ ನೋಡಿಕೊಂಡು ಗುಂಡಿ ತುಂಬಿ, ದೇವರ ಚಿತ್ತ ಎಂದುಬಿಟ್ಟೆವು.

32ನೇ ಪ್ರಸ್ತಾಪ ಕೊನೆಗೆ ಬಿದ್ದುಹೋಯಿತು. ಹೊಸ ವರ್ಷದಲ್ಲಿ ಅಂಗಡಿಗೆ ಹೋದಾಗ ಗಲ್ಲಾದಲ್ಲಿದ್ದ ಕಾಕು ಗೊಣಗಿದರು: “ರಾಜ್ಯದಾಗ ಸೋತದ್ದು ನಮ್ಮ ಅಂಗಡ್ಯಾಗ ಪಾಸಾಗೇತಿ ನೋಡು.” ಕೆಲಸಕ್ಕಿರುವ ಇಬ್ಬರಿಗೂ ಗಂಟೆಗೆ 18 ಡಾಲರ್ ಆಗಿತ್ತು. ನನ್ನ ಗಂಟಲು ಸ್ವಲ್ಪ ಕಟ್ಟಿತೆನ್ನಿ. ಅಷ್ಟರಲ್ಲಿ ಬೇಳೆ ಕಟ್ಟುತ್ತಿದ್ದ ಹೆಂಗಸು ನನ್ನನ್ನು ಬದಿಗೆ ಕರೆದು, ದ್ರಾಕ್ಷಿತೋಟದ ಕತೆ ಬಿಟ್ಟು ಕೊಡುವುದಾದರೆ 17 ಕೊಟ್ಟರೂ ಸಾಕೆಂದು ಯಜಮಾನರಿಗೆ ತಿಳಿಸಲು ಸಾಧ್ಯವೇ ಎಂದಳು.

2025ರ ನವೆಂಬರಿಗೆ 50ನೇ ಪ್ರಸ್ತಾಪ ಬಂತು: ಟೆಕ್ಸಾಸಿಗೆ ಉತ್ತರವಾಗಿ ಕ್ಯಾಲಿಫೋರ್ನಿಯಾವೂ ಕ್ಷೇತ್ರಗಳ ಗಡಿ ಬದಲಿಸಬೇಕೆ ಎಂದು. ಬೆಳಗಿನ ಜಾವಕ್ಕೇ ಫೋನು.

“ನೆರೆಯವನ ಗಡಿಕಲ್ಲು ಸರಸಬಾರದು ಅಂತ ಧರ್ಮೋಪದೇಶಕಾಂಡದಾಗ ಐತಿ. ಆದ್ರ ನೆರೆಯಾವನ ಮೊದಲ ಸರಸಿದ್ರ? ಅದಕ್ಕ ವಾಕ್ಯ ಹುಡಕಾಕತ್ತೀನಿ.”

“ನಾನು ಆಗಲೇ ಹಾಕಿ ಬಂದೆ ಕಾಕಾ, ಲೈಬ್ರರಿ ಮುಂದಿನ ಡಬ್ಬಿಗೆ.”

“ಬ್ಯಾಲೆಟ್ ಇನ್ನೂ ಅಂಚೀಗೇ ಬಿದ್ದಿಲ್ಲೋ ತಮ್ಮಾ. ಚಹಾ ಇಡು, ಬಂದೆ.”