ಉಪದೇಶಕರ ವರ್ಷ, ಗೃಹಿಣಿಯ ವರ್ಷ

"ಹೊರಗಿನ ಕಾಫಿ ಬಿಡಿ ಮೇಡಂ, ವರ್ಷಕ್ಕೆ ಎಷ್ಟು ಉಳಿಯುತ್ತೆ ನೋಡಿ" ಎನ್ನುತ್ತಾರೆ ಉಳಿತಾಯದ ಉಪದೇಶಕರು. "ಹೊರಗೆ ಕುಡಿದಿದ್ದು ಯಾವಾಗ ಅಂತ ನೆನಪಾದರೆ ಬಿಡ್ತೀನಿ ಸಾರ್" ಎನ್ನುತ್ತಾಳೆ ಬೆಂಗಳೂರಿನ ಗೃಹಿಣಿ. ಲೆಕ್ಕ ಅವಳ ಕಡೆಗಿದೆ. ಉಪದೇಶಕರ ವರ್ಷದಲ್ಲಿ ಹನ್ನೆರಡು ತಿಂಗಳೂ ಒಂದೇ ಅಳತೆ. ಮನೆಯ ವರ್ಷದಲ್ಲಿ ಜೂನ್ ಎಂದರೆ ಶಾಲೆಯ ಫೀಸು, ಶ್ರಾವಣ ಎಂದರೆ ವರಮಹಾಲಕ್ಷ್ಮಿ ಹಬ್ಬದ ಹೂವಿನ ರೇಟು (ಲಕ್ಷ್ಮಿ ಒಳಗೆ ಬರುವ ಮುಂಚೆಯೇ ಹೊರಗೆ ಹೋಗಿರುತ್ತಾಳೆ), ಹನ್ನೊಂದು ತಿಂಗಳು ಮುಗಿದರೆ ಬಾಡಿಗೆ ಕರಾರಿನ ನವೀಕರಣ. ಬಜೆಟ್ಟು ಮುರಿಯುವುದು ಇಂಥ ತಿಂಗಳುಗಳಲ್ಲಿ, ಕಾಫಿ ಲೋಟದಲ್ಲಲ್ಲ.

"ಹಾಗಾದರೆ ಊಟದ ಖರ್ಚು ಇಳಿಸಿ" ಎಂಬ ಆಕ್ಷೇಪ ಉಂಟು. 2012ನ್ನು ಆಧಾರವಾಗಿಟ್ಟ ಗ್ರಾಹಕ ಬೆಲೆ ಸೂಚ್ಯಂಕವೇ ಆಹಾರ, ಪಾನೀಯಗಳಿಗೆ ಶೇ 45.86 ಪಾಲು ಕೊಟ್ಟಿತ್ತು. ಆದಾಯ ಇಳಿದಷ್ಟೂ ಮನೆಖರ್ಚಿನಲ್ಲಿ ಊಟದ ಪಾಲು ಏರುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗ ಸಾರಿಗೆ ಹುಣಸೆಹಣ್ಣೊಂದೇ ಗತಿಯಾಯಿತು. ಹುಣಸೆಯೂ ತುಟ್ಟಿಯಾದರೆ? "ಸಂಯಮ ಹಾಕಿ ಮೇಡಂ." "ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಇದೆಯಲ್ಲ?" ಇದೆ, ನಿಜಕ್ಕೂ ಆಸರೆಯೇ, ಆದರೆ ಅದು ತಿಂಗಳ ತೂತಿಗೆ ಸರಿ, ಜೂನ್‌ನ ಹೊಂಡಕ್ಕಲ್ಲ. ಆ ಹೊಂಡಕ್ಕೆಂದೇ ಹೆಂಗಸರು ಚೀಟಿ ಕಟ್ಟುತ್ತಾರೆ.

"ಚೀಟಿಯಲ್ಲಿ ರಿಸ್ಕ್ ಇದೆ ಮೇಡಂ!"

"ಫೀಸು ಕಟ್ಟದಿದ್ದರೆ ಇಲ್ವಾ ಸಾರ್?"