ಕಿಟಕಿ ಸೀಟಿನ ಮಹಾಸೇನಾನಿಗೆ ಬಿನ್ನವತ್ತಳೆ

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯಲ್ಲಿ ಕುರ್ಚಿ ಸಿಕ್ಕಿರುವ ಗಣ್ಯರೇ, ಸಿಗದೆ ಮುನಿಸಿಕೊಂಡು ಹಿಂದೆ ನಿಂತಿರುವ ಅತಿಗಣ್ಯರೇ, ಮಳವಳ್ಳಿ–ಮದ್ದೂರು–ಮಂಡ್ಯ ಮಾರ್ಗದ ನಿತ್ಯ ಪ್ರಯಾಣಿಕ ಬಂಧುಗಳೇ,

ರೋಮಿನ ಮರಳಲ್ಲಿ, ಗ್ರೀಸಿನ ಕಣಿವೆಯಲ್ಲಿ, ಸ್ಕಾಟ್ಲೆಂಡಿನ ಕೆಸರಲ್ಲಿ ನಡೆದ ಅಷ್ಟೂ ಯುದ್ಧಗಳನ್ನು ಬಸ್ಸಿನ ಕಿಟಕಿ ಸೀಟಿನಿಂದ ಏಳದೆ ಮುಗಿಸಿದ ವೀರರೊಬ್ಬರು ಇಂದು ನಮ್ಮ ನಡುವೆ ಇದ್ದಾರೆ. ಹೆಸರು ಹೇಳಕೂಡದೆಂದು ಅವರ ಅಪ್ಪಣೆ. ಮನೆಯಲ್ಲಿ ಗೊತ್ತಾದರೆ ಡೇಟಾ ಪ್ಯಾಕಿನ ಲೆಕ್ಕ ಒಪ್ಪಿಸಬೇಕಾಗುತ್ತದಂತೆ. ಹಾಗಾಗಿ ನಾವೆಲ್ಲ ಕರೆಯುವಂತೆ ಅಣ್ಣಯ್ಯ ಎಂದೇ ಕರೆಯೋಣ.

ಅಣ್ಣಯ್ಯನವರ ಸಾಧನೆಯನ್ನು ಸಭೆ ಗಮನಿಸಬೇಕು. ಬಸ್ಸು ಮಳವಳ್ಳಿ ಬಿಡುವಾಗ ಅವರ ಮೊಬೈಲಿನಲ್ಲಿ ಬ್ರಾಡ್ ಪಿಟ್ ಹಡಗು ಹತ್ತಿರುತ್ತಾನೆ. ಕೆ.ಎಂ.ದೊಡ್ಡಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಸಿಕ್ಕಿಕೊಂಡಾಗ ಟ್ರಾಯ್ ಕೋಟೆಗೆ ಮುತ್ತಿಗೆ. ಮದ್ದೂರಿನಲ್ಲಿ ವಡೆ ಮಾರುವವನು ಹತ್ತುವ ಹೊತ್ತಿಗೆ ಮರದ ಕುದುರೆ. ಮಂಡ್ಯ ಬಂತು ಎನ್ನುವಷ್ಟರಲ್ಲಿ ಊರೇ ಉರಿದು ಬೂದಿ. ಪುರಾಣದಲ್ಲಿ ಹತ್ತು ವರ್ಷ ನಡೆದ ಯುದ್ಧವನ್ನು 2004ರ 'ಟ್ರಾಯ್' ಸಿನಿಮಾ ಕೆಲವೇ ದಿನಗಳಿಗೆ ಇಳಿಸಿತ್ತು. ಅಣ್ಣಯ್ಯ ಒಂದು ಟಿಕೆಟ್ಟಿಗೆ ಇಳಿಸಿದರು. ಪ್ರೇಮದ ದೃಶ್ಯ ಬಂದರೆ ಬೆರಳಲ್ಲೇ ಓಡಿಸಿಬಿಡುತ್ತಾರೆ, ಪಕ್ಕದಲ್ಲಿ ಹೆಣ್ಣುಮಕ್ಕಳು ಕೂತಿರುತ್ತಾರೆ ನೋಡಿ. ಇಯರ್‌ಫೋನ್ ಎಂಬ ಸ್ವಾರ್ಥದ ವಸ್ತುವನ್ನು ಅವರು ಮುಟ್ಟಿದವರಲ್ಲ. ಕತ್ತಿಗೆ ಕತ್ತಿ ತಾಗಿದ ಸದ್ದು ಡ್ರೈವರಿಗೂ ಕೇಳಬೇಕು, ಹಿಂದಿನ ಸೀಟಿನ ಕೋಳಿ ಬುಟ್ಟಿಗೂ ಕೇಳಬೇಕು. ಇಂಗ್ಲಿಷ್ ಅಷ್ಟಾಗಿ ಅರ್ಥವಾಗುವುದಿಲ್ಲ. ಆದ್ದರಿಂದ ಅಭಿಪ್ರಾಯಕ್ಕೆ ಯಾವ ಅಡ್ಡಿಯೂ ಇಲ್ಲ.

'ಗ್ಲಾಡಿಯೇಟರ್' ಬಗ್ಗೆ ಅವರು ಕೊಟ್ಟ ತೀರ್ಪು ಕೇಳಿ. ಆ ಸಿನಿಮಾದ ನಾಯಕ ಸೇನಾಪತಿಯಾದರೂ ಮೂಲತಃ ಒಕ್ಕಲುಮಗ; ತೆನೆ ಸವರುತ್ತ ನಡೆಯುವ ಕೈಯಿಂದಲೇ ಚಿತ್ರ ಶುರು. ಜಗತ್ತೆಲ್ಲ ಆ ಕೈ ನೋಡಿ ಕಣ್ಣೀರಿಟ್ಟಿತು. ಅಣ್ಣಯ್ಯ ಕಂಡಕ್ಟರಿಗೆ ಕೇಳಿದರು: "ಅಲ್ಲ ಕನ್ಲಾ, ಪೈರು ಕುಯ್ಲಿಗೆ ಬಂದದೆ, ಇವನು ಜರ್ಮನಿ ಕಾಡಲ್ಲಿ ಏನ್ ಮಾಡ್ತಾವ್ನೆ? ಗದ್ದೆಗೆ ನೀರು ಕಟ್ಟಿದ್ದು ಯಾರು?" ಸಿನಿಮಾದಲ್ಲಿ ಅಖಾಡದಲ್ಲೇ ಸಾಯುವ ಕೊಮೊಡಸ್ ದೊರೆಯನ್ನು ನಿಜವಾಗಿ ಕತ್ತು ಹಿಸುಕಿ ಕೊಂದವನು ಕ್ರಿ.ಶ. 192ರಲ್ಲಿ ಒಬ್ಬ ಪೈಲ್ವಾನ್ ಎಂದು ಯಾರೋ ಮೇಷ್ಟ್ರು ತಿಳಿಸಿದಾಗ ಅಣ್ಣಯ್ಯ ಸಿಡಿದೆದ್ದರು. "ಗರಡಿ ಹುಡುಗನ ಹೆಸರು ಎತ್ತಾಕವ್ರೆ!"

'300' ಚಿತ್ರಕ್ಕೆ ಅವರ ಆಕ್ಷೇಪ ಎರಡು. ಒಂದು, ಯುದ್ಧಕ್ಕೆ ಬಂದ ಮೇಲೆ ಮೈಮೇಲೊಂದು ಬನೀನಾದರೂ ಬೇಡವೇ? ಸ್ಪಾರ್ಟಾದವರು ಕಂಚಿನ ಕವಚ ತೊಡುತ್ತಿದ್ದರು ಎನ್ನುವ ಇತಿಹಾಸಕಾರರೂ ಇದನ್ನೇ ಕೇಳಿದ್ದಾರೆ. ಎರಡು, ಕ್ರಿ.ಪೂ. 480ರ ಆ ಕಣಿವೆಯಲ್ಲಿ ಥೆಸ್ಪಿಯಾ ಎಂಬ ಊರಿನ ಸುಮಾರು 700 ಮಂದಿಯೂ ಕೊನೆಯವರೆಗೆ ನಿಂತು ಸತ್ತರು. ಚಿತ್ರದ ಹೆಸರು ಸ್ಪಾರ್ಟಾದ ಮುನ್ನೂರು ಮಂದಿಯದಷ್ಟೇ, ಇವರ ಲೆಕ್ಕ ಅದರಲ್ಲಿ ಇಲ್ಲ. "ನಮ್ ಕಡೆ ಹಬ್ಬದ ಫ್ಲೆಕ್ಸಲ್ಲಿ ಒಂದು ಫೋಟೊ ಬಿಟ್ರೆ ಫ್ಲೆಕ್ಸೇ ಉಳಿಯಾಕಿಲ್ಲ. ಏಳ್ನೂರು ಜನನ ಬಿಟ್ಟವ್ರಲ್ಲ, ಧೈರ್ಯ ಮೆಚ್ಚಬೇಕು."

'ಬ್ರೇವ್‌ಹಾರ್ಟ್' ಬಗ್ಗೆ ಹೆಚ್ಚು ಹೇಳಲಾರೆ. 1297ರ ಸ್ಟರ್ಲಿಂಗ್ ಸೇತುವೆ ಕಾಳಗವನ್ನು ಸೇತುವೆಯೇ ಇಲ್ಲದೆ ಬಯಲಲ್ಲಿ ಚಿತ್ರಿಸಿದ್ದಾರೆ ಎಂದು ತಿಳಿದಾಗ ಅಣ್ಣಯ್ಯ ಗುತ್ತಿಗೆದಾರ ಯಾರೆಂದಷ್ಟೇ ವಿಚಾರಿಸಿದರು.

ಬಂಧುಗಳೇ, ಈ ಸನ್ಮಾನಕ್ಕೆ ನಿಜವಾದ ಕಾರಣ 'ದಿ ಪೇಟ್ರಿಯಟ್' ಎಂಬ 2000ದ ಸಿನಿಮಾ. ಅಮೆರಿಕದವರು ಬ್ರಿಟಿಷರ ಮೇಲೆ ತಿರುಗಿ ಬಿದ್ದ ಕತೆ. ಅದರಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಎಂಬ ದಂಡನಾಯಕ ತನ್ನೆರಡು ದೊಡ್ಡ ನಾಯಿಗಳು ಶತ್ರುವಿನ ಪಾಲಾದವೆಂದು ಹಲುಬುತ್ತಾನೆ. ನೋಡುತ್ತಿದ್ದ ಅಣ್ಣಯ್ಯ ಎಂದಿನಂತೆ ತಮ್ಮ ಶಾಶ್ವತ ಪ್ರಶ್ನೆ ಎತ್ತಿದರು: "ನಾಯಿ ಸರಿ ಕನ್ಲಾ, ಆ ಫಿರಂಗಿ ಎಳ್ಕಂಡು ಬಂದ ಎತ್ತೆಲ್ಲಿ? ಅವಕ್ಕೆ ಮೇವು ಹಾಕಿದ್ದು ಯಾರು?" ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ.

ನಗದೆ ಇದ್ದವರು ಅದೇ ಮೇಷ್ಟ್ರು. ಅವರು ಬಿಡಿಸಿ ಹೇಳಿದ ಕತೆ ಕೇಳಿ. ಈ ಕಾರ್ನ್‌ವಾಲಿಸ್ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತು, ಮೈ ಸರಿಯಿಲ್ಲವೆಂದು ಶರಣಾಗತಿಗೂ ಬಾರದೆ ಕೈಕೆಳಗಿನವನನ್ನು ಕಳಿಸಿದವನು. ಹತ್ತು ವರ್ಷದ ಮೇಲೆ ಅವನು ಬಂದಿಳಿದದ್ದು ನಮ್ಮ ಜಿಲ್ಲೆಗೇ. 1791ರ ಮೇ 15ರಂದು ಅರಕೆರೆಯ ಬಳಿ ಟಿಪ್ಪು ಸೈನ್ಯದೊಡನೆ ಕಾದಾಡಿ ಗೆದ್ದ. ಶ್ರೀರಂಗಪಟ್ಟಣ ಕಣ್ಣೆದುರಿಗೇ ಇತ್ತು. ಆದರೆ ಮಳೆ ಹಿಡಿಯಿತು, ಅಕ್ಕಿ ಮುಗಿಯಿತು, ಮೇವಿಲ್ಲದೆ ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆ ಒಡೆಯಲೆಂದು ತಂದ ಭಾರಿ ಫಿರಂಗಿಗಳನ್ನು ಎಳೆಯುವವರಿಲ್ಲದೆ ತಾನೇ ಒಡೆಸಿ ಹಾಕಿ, ಬಂದ ದಾರಿಗೆ ಸುಂಕವಿಲ್ಲವೆಂದು ಬೆಂಗಳೂರಿಗೆ ಹಿಂತಿರುಗಿದ. ಇತ್ತ ಟಿಪ್ಪುವಿನ ಫಿರಂಗಿಗಳನ್ನು ಎಳೆಯುತ್ತಿದ್ದದ್ದು ಅಮೃತಮಹಲಿನ ಎತ್ತುಗಳು. ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನದ ಇಲಾಖೆಯಿಂದ ಬಂದ ತಳಿ. ಮಾರನೆಯ ವರ್ಷ ಕಾರ್ನ್‌ವಾಲಿಸ್ ಪಾಠ ಕಲಿತು, ಲಂಬಾಣಿಗರ ಎತ್ತುಗಳ ಮೇಲೆ ಧಾನ್ಯ ಹೊರಿಸಿಕೊಂಡು ಬಂದ. ಅರ್ಧ ರಾಜ್ಯ ಬರೆಸಿಕೊಂಡು ಹೋದ.

ಅಂದರೆ ಏನಾಯಿತು? ಕೋಟಿಗಟ್ಟಲೆ ಡಾಲರ್ ಸುರಿದ ನಿರ್ದೇಶಕರಿಗೆ ಹೊಳೆಯದ ಪ್ರಶ್ನೆ ನಮ್ಮ ಬಸ್ಸಿನಲ್ಲಿ ಹುಟ್ಟಿತು. ಎರಡು ನಾಯಿಗೆ ಕ್ಯಾಮೆರಾ ಇಟ್ಟವರು ಎತ್ತಿಗೆ ಇಡಲಿಲ್ಲ. ಕತ್ತಿ ಬೀಸುವ ತೋಳು ಕಾಣುತ್ತದೆ, ಆ ತೋಳಿಗೆ ಮುದ್ದೆ ಹಾಕಿದವರು ಕಾಣುವುದಿಲ್ಲ. ಬೀಗರೂಟಕ್ಕೇ ಮೂರು ದಿನ ಮುಂಚೆ ಒಲೆ ಹೂಡುವ ನಾಡಿನವರಿಗೆ, ಸಾವಿರಾರು ಜನರ ಸೈನ್ಯ ಊಟವಿಲ್ಲದೆ ಬಡಿದಾಡುವುದನ್ನು ನಂಬು ಎಂದರೆ ನಂಬುವುದು ಹೇಗೆ?

ಆದುದರಿಂದ, ಹೇ ಕಬ್ಬಿನ ಸೀಮೆಯ ವಿಮರ್ಶಕ ಶಿಖಾಮಣಿಯೇ! ತಮಗೆ 'ಮೇವು ಮೀಮಾಂಸಕ' ಎಂಬ ಬಿರುದನ್ನೂ, ಮೈಸೂರು ಪೇಟವನ್ನೂ, ಶಾಲನ್ನೂ, ಫಲತಾಂಬೂಲವನ್ನೂ ಅರ್ಪಿಸುತ್ತಿದ್ದೇವೆ. ಇದರೊಡನೆ ಒಂದು ಜೊತೆ ಇಯರ್‌ಫೋನನ್ನೂ ಬಹಳ ಗೌರವದಿಂದ, ಅದಕ್ಕಿಂತ ಹೆಚ್ಚಿನ ಆಸೆಯಿಂದ ಇಟ್ಟಿದ್ದೇವೆ. ಸ್ವೀಕರಿಸಬೇಕು. ಯುದ್ಧದ ಸದ್ದು ತಮಗಿರಲಿ, ತೀರ್ಪು ಮಾತ್ರ ಎಂದಿನಂತೆ ಜೋರಾಗಿ ನಮಗೆ ಬರಲಿ.

ಇಂತಿ ತಮ್ಮ ವಿಧೇಯರು,
ಸೀಟು ಸಿಗದೆ ನಿಂತೇ ಬರುವ ಸಹಪ್ರಯಾಣಿಕರು