ಆಕಾಶಕ್ಕೊಂದು ಚಂದಾ

ರೇಡಿಯೋ ಇಟ್ಟುಕೊಳ್ಳಬೇಕಾದರೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಹಣ ಕಟ್ಟಬೇಕಾಗಿದ್ದ ಕಾಲ ನಮ್ಮಲ್ಲಿತ್ತು. ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಸರಕಾರ ವರ್ಷಕ್ಕೊಮ್ಮೆ ಕೈಚಾಚಿದರೆ ಅದು ಲೈಸೆನ್ಸ್ ರಾಜ್ಯ, ಕಂಪನಿಯೊಂದು ತಿಂಗಳಿಗೊಮ್ಮೆ ಕೈಚಾಚಿದರೆ ಅದು ಕ್ರಾಂತಿ. ಈ ಸೂಕ್ಷ್ಮವನ್ನು ಅರಿತಿದ್ದ ಅಮೆರಿಕದ ಕೆಲವು ಜಾಣರು, ಬಿಟ್ಟಿ ಎಫ್‌ಎಂ ಕೇಳಿಕೊಂಡು ಸುಖವಾಗಿದ್ದ ತಮ್ಮ ಜನರಿಗೆ ರೇಡಿಯೋವನ್ನು ತಿಂಗಳ ಲೆಕ್ಕದಲ್ಲಿ ಮಾರಲು ಹೊರಟರು. ಅದೂ ಒಂದೇ ಅಂಗಡಿ ಇಟ್ಟಲ್ಲ, ಎರಡು ಅಂಗಡಿ ಎದುರುಬದುರು ಇಟ್ಟು.

1997ರ ಏಪ್ರಿಲ್‌ನಲ್ಲಿ ಅಲ್ಲಿನ ಫೆಡರಲ್ ಸಂವಹನ ಆಯೋಗ ಉಪಗ್ರಹ ರೇಡಿಯೋದ ತರಂಗಗಳನ್ನು ಹರಾಜಿಗಿಟ್ಟಿತು. ಮುಂದೆ ಎಕ್ಸ್‌ಎಂ ಎಂದು ಹೆಸರಾದ ಕಂಪನಿ ಸುಮಾರು 9 ಕೋಟಿ ಡಾಲರ್ ಕೊಟ್ಟು ಒಂದು ಪಾಲು ಹಿಡಿಯಿತು. ಮುಂದೆ ಸಿರಿಯಸ್ ಆದದ್ದು 8 ಕೋಟಿ 30 ಲಕ್ಷ ಡಾಲರಿಗೆ ಇನ್ನೊಂದನ್ನು ಹಿಡಿಯಿತು. ಈ ಎರಡನೆಯದರ ಆಗಿನ ಹೆಸರು ಸಿಡಿ ರೇಡಿಯೋ. ಸಿಡಿ ಅಮರ ಎಂದು ನಂಬಿದ್ದವರು ಇಟ್ಟ ಹೆಸರು ಅದು. ಭವಿಷ್ಯ ಕಾಣುವ ಅವರ ಶಕ್ತಿಗೆ ಮೊದಲ ಸಾಕ್ಷಿಯೂ ಅದೇ.

ಆಯೋಗ ಎರಡು ಷರತ್ತು ಹಾಕಿತ್ತು. ಒಬ್ಬರನ್ನೊಬ್ಬರು ಕೊಂಡುಕೊಳ್ಳುವಂತಿಲ್ಲ, ಜನರಿಗೆ ಆಯ್ಕೆ ಇರಬೇಕು. ಮತ್ತು ಎರಡೂ ಕಂಪನಿಗಳ ಪ್ರಸಾರವನ್ನು ಹಿಡಿಯುವ ಒಂದೇ ರಿಸೀವರನ್ನು ರೂಪಿಸಬೇಕು, ಚಂದಾದಾರನಿಗೆ ಬೇಸರವಾದರೆ ಪೆಟ್ಟಿಗೆ ಎಸೆಯದೆ ಪಕ್ಷ ಬದಲಿಸುವಂತಿರಬೇಕು. ಓದುಗರು ಈ ಎರಡನೆಯ ಷರತ್ತನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಕಂಪನಿಗಳು ನೆನಪಿಟ್ಟುಕೊಳ್ಳಲಿಲ್ಲ.

ಎಂಜಿನಿಯರುಗಳನ್ನು ಮಾತ್ರ ಇಲ್ಲಿ ಹಂಗಿಸುವ ಹಾಗಿಲ್ಲ. ಎಕ್ಸ್‌ಎಂ ತನ್ನ ಎರಡು ಉಪಗ್ರಹಗಳಿಗೆ ರಾಕ್, ರೋಲ್ ಎಂದು ನಾಮಕರಣ ಮಾಡಿ, ಪೆಸಿಫಿಕ್ ಸಾಗರದ ತೇಲುವ ಕಟ್ಟೆಯಿಂದ ಹಾರಿಸಿ, ಸಮಭಾಜಕ ವೃತ್ತದ ಮೇಲೆ ನಿಲ್ಲಿಸಿತು. ಸಿರಿಯಸ್ ಮೂರನ್ನು ಮೊಟ್ಟೆಯಾಕಾರದ ಕಕ್ಷೆಯಲ್ಲಿ ಬಿಟ್ಟಿತು. ಅವು ಒಂದೊಂದೂ ದಿನದ 16 ಗಂಟೆ ಉತ್ತರ ಗೋಳಾರ್ಧದ ಮೇಲೇ ಸುಳಿಯುತ್ತಿದ್ದವು, ಒಂದು ಕೆಳಗಿಳಿಯುವ ಹೊತ್ತಿಗೆ ಇನ್ನೊಂದು ಹಾಜರು. ಕಾರು ಸೇತುವೆಯ ಕೆಳಗೆ ನುಗ್ಗಿದಾಗ ಹಾಡು ಕಡಿಯಬಾರದೆಂದು ಅದೇ ಹಾಡನ್ನು ಕೆಲವು ಸೆಕೆಂಡು ತಡವಾಗಿ ಇನ್ನೊಂದು ಉಪಗ್ರಹದಿಂದ ಕಳಿಸುತ್ತಿದ್ದರು, ರಿಸೀವರು ಎರಡನ್ನೂ ಹೊಲಿದು ಒಂದು ಮಾಡುತ್ತಿತ್ತು. ಇಷ್ಟೆಲ್ಲ ವಿದ್ಯೆ ಬಳಸಿ ಕೆಳಗಿಳಿಸಿದ್ದು ಏನನ್ನು ಎಂದು ಕೇಳಬೇಡಿ, ಅದಕ್ಕೆ ಬರುತ್ತಿದ್ದೇನೆ.

ಎಕ್ಸ್‌ಎಂ 2001ರ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯಿತು, ತಿಂಗಳಿಗೆ 9 ಡಾಲರ್ 99 ಸೆಂಟ್. ಸಿರಿಯಸ್ ಮರುವರ್ಷದ ಪ್ರೇಮಿಗಳ ದಿನ ಬಂತು, 12 ಡಾಲರ್ 95 ಸೆಂಟ್. ಸ್ಪರ್ಧೆ ಇದ್ದರೆ ಬೆಲೆ ಇಳಿಯುತ್ತದೆಂದು ಅರ್ಥಶಾಸ್ತ್ರದ ಮೊದಲ ಪಾಠ ಹೇಳುತ್ತದೆ. ಇಲ್ಲಿಯೂ ಬೆಲೆಗಳು ಸ್ಪರ್ಧಿಸಿದವು, 2005ರಲ್ಲಿ ಎಕ್ಸ್‌ಎಂ ತನ್ನ ದರವನ್ನು 12.95ಕ್ಕೆ ಏರಿಸಿ ಎದುರಾಳಿಯನ್ನು ಸರಿಗಟ್ಟಿತು.

ಒಂದೇ ಬೀದಿಯಲ್ಲಿ ಎರಡು ಗಣಪತಿ ಕೂರಿಸುವುದನ್ನು ನೋಡಿದವರಿಗೆ ಮುಂದಿನ ಕತೆ ಹೊಸದಲ್ಲ. ಆ ಪೆಂಡಾಲಿನವರು ಆರ್ಕೆಸ್ಟ್ರಾ ಕರೆಸಿದರೆ ಈ ಪೆಂಡಾಲಿನವರು ಸಿನಿಮಾ ನಟನನ್ನು ಕರೆಸುತ್ತಾರೆ, ರಸೀದಿ ಪುಸ್ತಕ ಮಾತ್ರ ಎರಡು ಕಡೆಯಿಂದಲೂ ಅದೇ ಮನೆ ಬಾಗಿಲಿಗೆ ಬರುತ್ತದೆ. ಸಿರಿಯಸ್ 22 ಕೋಟಿ ಡಾಲರಿಗೆ ಅಮೆರಿಕನ್ ಫುಟ್‌ಬಾಲನ್ನು ಏಳು ವರ್ಷ ಗುತ್ತಿಗೆ ಹಿಡಿಯಿತು. ಎಕ್ಸ್‌ಎಂ 65 ಕೋಟಿ ಡಾಲರಿಗೆ ಬೇಸ್‌ಬಾಲನ್ನು ಹನ್ನೊಂದು ವರ್ಷ ಹಿಡಿಯಿತು. ಎರಡೂ ಆಟ ಬೇಕೆನ್ನುವ ದುರಾಸೆಯವನು ಎರಡು ಪೆಟ್ಟಿಗೆ, ಎರಡು ಆಂಟೆನಾ, ಎರಡು ಬಿಲ್ಲು ಇಟ್ಟುಕೊಳ್ಳಬೇಕು. ಸಿರಿಯಸ್‌ಗೆ ಮಾರ್ಥಾ ಸ್ಟುವರ್ಟ್ ಅಡುಗೆ, ಮನೆಗೆಲಸದ ಚಾನೆಲ್ ಕೊಟ್ಟರು. ಎಕ್ಸ್‌ಎಂ ಓಪ್ರಾ ವಿನ್‌ಫ್ರಿಯವರಿಗೆ ಮೂರು ವರ್ಷಕ್ಕೆ ಐದೂವರೆ ಕೋಟಿ ಡಾಲರ್ ಕೊಟ್ಟಿತು. ಅವರ ಹೆಸರಿನ ಚಾನೆಲ್ಲೇನೋ ಇಡೀ ದಿನದ್ದು, ಸ್ವತಃ ಅವರು ಬಂದು ಮಾತಾಡಬೇಕಾಗಿದ್ದದ್ದು ವಾರಕ್ಕೆ ಅರ್ಧ ಗಂಟೆ. ಉಳಿದ ಹೊತ್ತು ಕೇಳುಗ ಆ ಅರ್ಧ ಗಂಟೆಯನ್ನು ನೆನೆಯುತ್ತ ಕೂರಬಹುದು.

ಇದೆಲ್ಲ ಪೀಠಿಕೆ. ಉತ್ಸವಮೂರ್ತಿ ಹೊವರ್ಡ್ ಸ್ಟರ್ನ್. ಬಾಯಿಗೆ ಬಂದದ್ದನ್ನು ಮಾತ್ರವಲ್ಲ, ಬಾಯಿಗೆ ಬರಬಾರದ್ದನ್ನೂ ಆಡಿ ಲಕ್ಷಾಂತರ ಕೇಳುಗರನ್ನು ಗಳಿಸಿದ್ದ ಬಾನುಲಿ ವೀರ. ಅಶ್ಲೀಲತೆಗೆಂದು ಆಯೋಗ ಹರಿಯುತ್ತಿದ್ದ ದಂಡದ ಚೀಟಿಗಳಿಂದ ಬೇಸತ್ತಿದ್ದರು. ದುಡ್ಡು ಕೊಟ್ಟು ಕೇಳುವ ಉಪಗ್ರಹ ರೇಡಿಯೋಗೆ ಆ ನಿಯಮ ಇರಲಿಲ್ಲ. 2004ರ ಅಕ್ಟೋಬರಿನಲ್ಲಿ ಸಿರಿಯಸ್ ಅವರೊಡನೆ ಐದು ವರ್ಷಕ್ಕೆ 50 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ವಾಕ್ ಸ್ವಾತಂತ್ರ್ಯಕ್ಕೆ ಮಾರುಕಟ್ಟೆ ಬೆಲೆ ನಿಗದಿಯಾದ ದಿನವೆಂದು ಅದನ್ನು ಗುರುತು ಹಾಕಿಕೊಳ್ಳಬಹುದು.

ಪ್ರಸಾರ ಶುರುವಾಗುವುದು 2006ರ ಜನವರಿಯಲ್ಲಿ. ನಡುವೆ ಸುಮಾರು ಹದಿನಾಲ್ಕು ತಿಂಗಳು ಸ್ಟರ್ನ್ ಸಾಹೇಬರು ಹಳೆಯ ಮಾಲೀಕನ ಬಿಟ್ಟಿ ರೇಡಿಯೋದಲ್ಲೇ ಕುಳಿತು, ಹಳೆಯ ಮಾಲೀಕನ ಸಂಬಳ ತಿಂದು, ಹೊಸ ಮಾಲೀಕನ ಗುಣಗಾನ ಮಾಡಿದರು. ಎಲ್ಲ ಮುಗಿದ ಮೇಲೆ ಆ ಹಳೆಯ ಮಾಲೀಕ, ಸಿಬಿಎಸ್, ಎಚ್ಚೆತ್ತು ಕೋರ್ಟಿಗೆ ಹೋಯಿತು. ಈ ನಡುವೆ ಅದೇ ಹಳೆಯ ಮನೆಯ ದೊಡ್ಡ ಯಜಮಾನ, ವಯಾಕಾಮ್‌ನ ಅಧ್ಯಕ್ಷರಾಗಿದ್ದ ಮೆಲ್ ಕಾರ್ಮಜಿನ್ ಕೂಡ ಸಿರಿಯಸ್ಸಿನ ಮುಖ್ಯಸ್ಥರಾಗಿ ಬಂದು ಕುಳಿತಿದ್ದರು. ಪ್ರಸಾರಕ್ಕೆ ಇನ್ನೂ ಕೆಲವು ದಿನ ಇರುವಾಗಲೇ ಚಂದಾದಾರರ ಗುರಿ ಮೀರಿದ್ದಕ್ಕಾಗಿ ಸ್ಟರ್ನ್ ಮತ್ತವರ ಏಜೆಂಟರಿಗೆ ಸುಮಾರು 22 ಕೋಟಿ ಡಾಲರ್ ಬೆಲೆಯ ಷೇರು ಸಂದಾಯವಾಯಿತು. ಬಾಯಿ ತೆರೆಯದೆ ಅವರು ಗಳಿಸಿದ ದುಡ್ಡು ಬಹುಶಃ ಇದೊಂದೇ.

ಹೀಗೆ ಯಾರ ಹೆಸರಿನಲ್ಲಿ ಯುದ್ಧ ನಡೆಯುತ್ತಿತ್ತೋ ಆ ಚಂದಾದಾರ ಎಲ್ಲಿದ್ದ? ಹುಡುಕಿದರೆ ಸಿಗುವುದು ಕಾರು. ಜನರಲ್ ಮೋಟಾರ್ಸ್ ಮತ್ತು ಹೊಂಡಾ ಎಕ್ಸ್‌ಎಂನಲ್ಲಿ ಹಣ ಹೂಡಿದ್ದವು, ಆದ್ದರಿಂದ ಅವರ ಕಾರಿನಲ್ಲಿ ಎಕ್ಸ್‌ಎಂ. ಫೋರ್ಡ್, ಕ್ರೈಸ್ಲರ್‌ಗಳಲ್ಲಿ ಸಿರಿಯಸ್. ಮನುಷ್ಯ ಮೈಲೇಜು ನೋಡಿ, ಬಣ್ಣ ನೋಡಿ, ಹೆಂಡತಿಯ ಮುಖ ನೋಡಿ ಕಾರು ಆರಿಸುತ್ತಿದ್ದ, ರೇಡಿಯೋವನ್ನು ಡೆಟ್ರಾಯಿಟ್‌ನಲ್ಲಿ ಯಾರೋ ಆಗಲೇ ಆರಿಸಿಬಿಟ್ಟಿರುತ್ತಿದ್ದರು. ಕೆಲವು ಕಾರುಗಳ ಜೊತೆ ಮೊದಲ ಚಂದಾವನ್ನು ಕಾರು ಕಂಪನಿಯೇ ಕಟ್ಟಿಬಿಡುತ್ತಿತ್ತು. ಹಾಗೆ ಮುಂಗಡ ಹಣ ಬಂದ ಕಾರು ಮಾರಾಟವಾಗದೆ ಡೀಲರನ ಅಂಗಳದಲ್ಲಿ ಬಿಸಿಲು ಕಾಯುತ್ತ ನಿಂತಿದ್ದರೂ ಸಿರಿಯಸ್ಸಿನ ಪುಸ್ತಕದಲ್ಲಿ ಅದೊಂದು ತಲೆ. ಒಳಗೆ ಡ್ರೈವರಿಲ್ಲ, ಕೀಲಿ ಷೋರೂಮಿನ ಗೋಡೆಯಲ್ಲಿ ನೇತಾಡುತ್ತಿದೆ, ಸೀಟಿನ ಪ್ಲಾಸ್ಟಿಕ್ ಹೊದಿಕೆ ತೆಗೆದಿಲ್ಲ, ಆದರೂ ಚಂದಾದಾರ. ನಮ್ಮ ಮತದಾರರ ಪಟ್ಟಿ ತಯಾರಿಸುವವರು ಅಲ್ಲಿಗೆ ಅಧ್ಯಯನ ಪ್ರವಾಸ ಹೋಗಿದ್ದರೇನೋ ಎಂಬ ಅನುಮಾನ ನನಗಿದೆ.

2006ರ ಕೊನೆಗೆ ಎಕ್ಸ್‌ಎಂಗೆ 76 ಲಕ್ಷ ತಲೆ, ಸಿರಿಯಸ್‌ಗೆ 60 ಲಕ್ಷ. ಆ ಒಂದೇ ವರ್ಷದ ನಷ್ಟ ಸಿರಿಯಸ್‌ಗೆ 110 ಕೋಟಿ ಡಾಲರ್, ಎಕ್ಸ್‌ಎಂಗೆ 70 ಕೋಟಿಗೂ ಮೇಲೆ. ಇಬ್ಬರೂ ಗೆದ್ದಿದ್ದರು, ಗೆಲುವಿನ ಖರ್ಚು ತಡೆಯಲಾಗುತ್ತಿರಲಿಲ್ಲ ಅಷ್ಟೆ.

2007ರ ಫೆಬ್ರವರಿ 19ರಂದು ಹಗೆಗಳಿಬ್ಬರೂ ಒಂದಾಗುವುದಾಗಿ ಸಾರಿದರು. ಒಂದಾಗಬಾರದೆಂಬ ಹಳೆಯ ಷರತ್ತು? ಅದಕ್ಕೆ ಉತ್ತರ ಸಿದ್ಧವಿತ್ತು: ನಾವಿಬ್ಬರು ಎದುರಾಳಿಗಳೇ ಅಲ್ಲ, ನಮ್ಮ ನಿಜವಾದ ಎದುರಾಳಿ ಐಪಾಡ್, ಇಂಟರ್ನೆಟ್, ಬಿಟ್ಟಿ ರೇಡಿಯೋ. ಹಿಂದಿನ ತಿಂಗಳವರೆಗೆ ಓಪ್ರಾ ಎದುರು ಸ್ಟರ್ನ್, ಫುಟ್‌ಬಾಲ್ ಎದುರು ಬೇಸ್‌ಬಾಲ್ ಎಂದು ತೊಡೆ ತಟ್ಟುತ್ತಿದ್ದವರು ಇವರೇ. ಇದನ್ನು ವಿರೋಧಿಸಲು ಓಡಿ ಬಂದದ್ದು ಸಾಂಪ್ರದಾಯಿಕ ರೇಡಿಯೋದವರ ಸಂಘ. ಉಪಗ್ರಹ ರೇಡಿಯೋ ಬಂದರೆ ಊರೂರಿನ ನಮ್ಮ ಸ್ಟೇಷನ್ನುಗಳು ಮುಳುಗುತ್ತವೆ ಎಂದು ತೊಂಬತ್ತರ ದಶಕದಲ್ಲಿ ಎದೆ ಬಡಿದುಕೊಂಡಿದ್ದ ಸಂಘ ಈಗ, ಉಪಗ್ರಹ ರೇಡಿಯೋದ ಮಾರುಕಟ್ಟೆಯೇ ಬೇರೆ, ನಮಗೂ ಅವರಿಗೂ ಸ್ಪರ್ಧೆಯೇ ಇಲ್ಲ, ಆದ್ದರಿಂದ ಇಬ್ಬರು ಒಬ್ಬರಾದರೆ ಏಕಸ್ವಾಮ್ಯ ಎಂದಿತು. ಎರಡೂ ಪಕ್ಷ ತಮ್ಮ ತಮ್ಮ ಹಳೆಯ ವಾದವನ್ನು ಎದುರಿನವರಿಗೆ ಕೊಟ್ಟು ಅವರದನ್ನು ತಾವು ತೆಗೆದುಕೊಂಡಿದ್ದವು. ವಕೀಲರಿಗೆ ಮಾತ್ರ ಯಾವ ಗೊಂದಲವೂ ಆಗಲಿಲ್ಲ, ಅವರ ಬಿಲ್ಲು ಗಂಟೆಯ ಲೆಕ್ಕದ್ದು.

ಅಮೆರಿಕದ ನ್ಯಾಯ ಇಲಾಖೆ 2008ರ ಮಾರ್ಚಿನಲ್ಲಿ ಕೊಟ್ಟ ಒಪ್ಪಿಗೆಯ ಕಾರಣಗಳನ್ನು ಚೌಕಟ್ಟು ಹಾಕಿಸಿ ಇಡಬೇಕು. ಒಂದು ಕಂಪನಿಯ ರಿಸೀವರಿನಲ್ಲಿ ಇನ್ನೊಂದರ ಪ್ರಸಾರ ಬರುವುದಿಲ್ಲ, ಹಾಗಾಗಿ ಒಮ್ಮೆ ಚಂದಾದಾರನಾದವನು ಆ ಕಡೆಯಿಂದ ಈ ಕಡೆಗೆ ಹೋಗುವುದು ಅಪರೂಪ, ಕಾರುಗಳೂ ಆಗಲೇ ಹಂಚಿಹೋಗಿವೆ, ಆದ್ದರಿಂದ ಇಬ್ಬರೂ ಒಂದಾದರೆ ಕಳೆದುಹೋಗುವ ಸ್ಪರ್ಧೆ ಅಷ್ಟೇನೂ ಇಲ್ಲ. ಈಗ ಆ ಎರಡನೆಯ ಷರತ್ತನ್ನು ನೆನಪಿಸಿಕೊಳ್ಳಿ. ಎರಡನ್ನೂ ಹಿಡಿಯುವ ಪೆಟ್ಟಿಗೆ ಅಷ್ಟು ವರ್ಷವಾದರೂ ಅಂಗಡಿಗೆ ಬಂದಿರಲಿಲ್ಲ. ಬಂದಿದ್ದರೆ ಜನ ಅತ್ತಿತ್ತ ಹೋಗುತ್ತಿದ್ದರು, ಸ್ಪರ್ಧೆ ಇರುತ್ತಿತ್ತು, ವಿಲೀನಕ್ಕೆ ಕಲ್ಲು ಬೀಳುತ್ತಿತ್ತು. ಮಾಡಬೇಕಾದದ್ದನ್ನು ಮಾಡದೆ ಬಿಟ್ಟದ್ದಕ್ಕೆ ಇಷ್ಟು ದೊಡ್ಡ ಇನಾಮು ಸಿಕ್ಕ ಉದಾಹರಣೆ ನಮ್ಮ ಲೋಕೋಪಯೋಗಿ ಇಲಾಖೆಯ ಚರಿತ್ರೆಯಲ್ಲೂ ಕಷ್ಟ.

ಆಯೋಗ ಇನ್ನೂ ನಾಲ್ಕು ತಿಂಗಳು ಮೀನಮೇಷ ಎಣಿಸಿತು. ಕೊನೆಗೆ ಮೂರಕ್ಕೆ ಎರಡು ಮತದಿಂದ ಒಪ್ಪಿ, ಹಳೆಯ ನಿಯಮಭಂಗಗಳಿಗೆ ಎರಡೂ ಕಡೆಯಿಂದ ಸೇರಿಸಿ ಸುಮಾರು 2 ಕೋಟಿ ಡಾಲರ್ ಕಟ್ಟಿಸಿಕೊಂಡು, ಮೂರು ವರ್ಷ ದರ ಏರಿಸಬೇಡಿ ಎಂದು ಬುದ್ಧಿ ಹೇಳಿ ಕಳಿಸಿತು. ಅವರು ಮಾತಿಗೆ ತಪ್ಪಲಿಲ್ಲ. ದರ ಹಾಗೇ ಇತ್ತು, ಬಿಲ್ಲಿನ ಕೆಳಗೆ 2009ರಲ್ಲಿ ಸಂಗೀತದ ರಾಯಲ್ಟಿ ಶುಲ್ಕವೆಂಬ ಹೊಸ ಸಾಲೊಂದು ಹುಟ್ಟಿತು. ಮೂರು ವರ್ಷದ ಗಡುವು ಮುಗಿದ ಮೇಲೆ, 2012ರ ಜನವರಿಯಿಂದ, ದರವೂ 14 ಡಾಲರ್ 49 ಸೆಂಟಿಗೆ ಏರಿತು.

ಒಂದಾದ ಮರುವರ್ಷವೇ ಹೊಸ ಸಂಸಾರ ದಿವಾಳಿಯ ಹೊಸ್ತಿಲಲ್ಲಿ ನಿಂತಿತ್ತು, ಷೇರಿನ ಬೆಲೆ ಹತ್ತು ಸೆಂಟಿಗಿಂತ ಕೆಳಗೆ. ಜಾನ್ ಮೆಲೋನರ ಲಿಬರ್ಟಿ ಮೀಡಿಯಾ 53 ಕೋಟಿ ಡಾಲರ್ ಸಾಲ ಕೊಟ್ಟು ಶೇ. 40ರಷ್ಟು ಪಾಲನ್ನು ಕಂಕುಳಲ್ಲಿಟ್ಟುಕೊಂಡು ಹೋಯಿತು. ಇತ್ತ ಸ್ಟರ್ನ್ ಸಾಹೇಬರು 2011ರಲ್ಲಿ ಸ್ವಂತ ಕಂಪನಿಯ ಮೇಲೇ ದಾವೆ ಹೂಡಿದರು. ವಿಲೀನದಿಂದ ಬಂದ ಎಕ್ಸ್‌ಎಂ ಚಂದಾದಾರರನ್ನೂ ತಮ್ಮ ಬೋನಸ್ಸಿನ ಲೆಕ್ಕಕ್ಕೆ ಸೇರಿಸಬೇಕಂತೆ! ಇವರನ್ನು ಕೇಳಬಾರದೆಂದೇ ಎಕ್ಸ್‌ಎಂಗೆ ಹೋಗಿದ್ದವರೂ ಆ ಗುಂಪಿನಲ್ಲಿದ್ದಿರಬೇಕು. ಕೋರ್ಟು ಒಪ್ಪಲಿಲ್ಲ.

ಸ್ಪರ್ಧಿಯೇ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೂ ಉತ್ತರ ಇದೆ, ಅದು ನಮ್ಮ ಬೆಂಗಳೂರಿನಲ್ಲೇ ಇತ್ತು. ಎಕ್ಸ್‌ಎಂಗೆ ಆರಂಭದಲ್ಲಿ ಹಣ ಹಾಕಿದ್ದ ವರ್ಲ್ಡ್‌ಸ್ಪೇಸ್, ಏಷ್ಯಾಸ್ಟಾರ್ ಉಪಗ್ರಹದ ಮೂಲಕ ಭಾರತಕ್ಕೂ ಹಾಡು ಕಳಿಸುತ್ತಿತ್ತು. ಕರ್ನಾಟಕ ಸಂಗೀತಕ್ಕೆ ಶ್ರುತಿ, ಹಿಂದೂಸ್ತಾನಿಗೆ ಗಂಧರ್ವ, ಕನ್ನಡಕ್ಕೆ ಸ್ಪರ್ಶ ಎಂಬ ಚಾನೆಲ್ಲುಗಳು. ಜಾಹೀರಾತಿಗೆ ಎ.ಆರ್. ರೆಹಮಾನ್. ಕಿಟಕಿಯ ಬಳಿ ಆಂಟೆನಾ ಇಟ್ಟು, ಉಪಗ್ರಹದ ದಿಕ್ಕಿಗೆ ತಿರುಗಿಸಿ, ಯಾರೂ ಅಡ್ಡ ಬರದಂತೆ ಗದರಿ ಕೂತರೆ ಇಡೀ ದಿನ ರಾಗ. ಕೇಳಿದವರು ಇಂದಿಗೂ ನಿಟ್ಟುಸಿರು ಬಿಡುತ್ತಾರೆ, ಅದರಲ್ಲಿ ವ್ಯಂಗ್ಯ ಮಾಡುವಂಥದ್ದೇನೂ ಇಲ್ಲ. ಎದುರಾಳಿಯೊಬ್ಬನೂ ಇರಲಿಲ್ಲ. ಅಮೆರಿಕದ ಮೂಲ ಕಂಪನಿ 2008ರಲ್ಲಿ ದಿವಾಳಿ ಅರ್ಜಿ ಹಾಕಿತು, 2009ರ ಡಿಸೆಂಬರ್ 31ಕ್ಕೆ ಇಲ್ಲಿನ ಪ್ರಸಾರ ನಿಂತಿತು. ಮುಂಗಡ ಚಂದಾ ಕಟ್ಟಿದ್ದವರ ಪಾಲಿಗೆ ಉಳಿದದ್ದು ಆಕಾಶದ ಕಡೆ ಮುಖ ಮಾಡಿದ ಆಂಟೆನಾ.

ಅಮೆರಿಕದಲ್ಲಿ ಉಳಿದ ಒಂದೇ ಕಂಪನಿಗೆ ಈಗ ಮೂರು ಕೋಟಿಗೂ ಹೆಚ್ಚು ಚಂದಾದಾರರು. ಎದುರಾಳಿ ಇಲ್ಲದ ಮೇಲೆ ಯಾರೊಡನೆ ಸ್ಪರ್ಧೆ? ಬಿಟ್ಟುಹೋಗಲು ಬಯಸುವ ಚಂದಾದಾರನೊಡನೆಯೇ. ಚಂದಾ ನಿಲ್ಲಿಸಲು ಜನರನ್ನು ವಿನಾಕಾರಣ ಸತಾಯಿಸುತ್ತಾರೆಂದು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ 2023ರ ಡಿಸೆಂಬರಿನಲ್ಲಿ ಕೋರ್ಟಿಗೆ ಹೋದರು. ಫೋನಿನಲ್ಲಿ ಬಿಡಿಸಿಕೊಳ್ಳಲು ಸರಾಸರಿ ಹನ್ನೊಂದೂವರೆ ನಿಮಿಷ ಬೇಕೆಂದು ದಾವೆಯಲ್ಲಿತ್ತು. ಮರುವರ್ಷ ನ್ಯಾಯಾಧೀಶರು ವಂಚನೆಯ ಆರೋಪವನ್ನು ಒಪ್ಪದಿದ್ದರೂ, ಬಿಡುಗಡೆಯ ದಾರಿ ಕಾನೂನು ಹೇಳಿದಷ್ಟು ಸರಳವಾಗಿಲ್ಲ ಎಂದರು. ಆ ಹನ್ನೊಂದೂವರೆ ನಿಮಿಷದಲ್ಲಿ ಏನು ನಡೆಯುತ್ತದೆಂದು ಊಹಿಸುವುದು ನನ್ನ ಹಕ್ಕು. ನ್ಯೂಜೆರ್ಸಿಯಲ್ಲಿರುವ ನಮ್ಮ ಹಾಸನದ ಕಡೆಯ ಹುಡುಗನೊಬ್ಬ ಫೋನು ಹಚ್ಚುತ್ತಾನೆ ಎಂದುಕೊಳ್ಳಿ, ಆ ಕಡೆ ಸಿಕ್ಕವನೂ ಕನ್ನಡದವನೇ ಎಂದುಕೊಳ್ಳಿ.

"ಚಂದಾ ನಿಲ್ಲಿಸಬೇಕಿತ್ತು."

"ಅಯ್ಯೋ, ಯಾಕೆ ಸಾರ್? ಯಾವ ಚಾನೆಲ್ ಇಷ್ಟ ನಿಮಗೆ?"

"ಯಾವುದೂ ಕೇಳಲ್ಲ. ಫೋನಲ್ಲೇ ರಾಜ್‌ಕುಮಾರ್ ಹಾಡು ಹಾಕ್ಕೋತೀನಿ."

"ತಿಂಗಳಿಗೆ ಐದು ಡಾಲರ್ ಮಾಡ್ಕೊಡ್ತೀನಿ ಸಾರ್, ನಿಮಗೆ ಅಂತ."

"ಐದಕ್ಕೆ ಕೊಡೋದಾದರೆ ಇಷ್ಟು ವರ್ಷ ಅಷ್ಟೊಂದು ಯಾಕೆ ತಗೊಂಡ್ರಿ?"

"ನೀವು ಇಷ್ಟು ವರ್ಷ ಫೋನೇ ಮಾಡಲಿಲ್ಲವಲ್ಲ ಸಾರ್."

"ಬೇಡಪ್ಪ. ಕಾರೇ ಮಾರಿಬಿಟ್ಟೆ."

"ಹೌದಾ? ಬಹಳ ಒಳ್ಳೇದಾಯ್ತು ಸಾರ್. ಆ ಕಾರು ತಗೊಂಡವರ ನಂಬರ್ ಇದ್ರೆ ಸ್ವಲ್ಪ ಕೊಡ್ತೀರಾ?"